ಹಾರ್ಮೋನಿನ ಮಾತು ಕೇಳುವ ಕಣ್ಣು



ಕಣ್ಣಿನ ಆಸ್ಪತ್ರೆಗೆ ಬರುವ ಐವತ್ತು ದಾಟಿದ ಹೆಣ್ಣುಮಕ್ಕಳನ್ನು ನಾವು ಒಂದು ಪ್ರಶ್ನೆ ಕೇಳುತ್ತೇವೆ: "ಮುಟ್ಟು ನಿಂತು ಎಷ್ಟು ವರ್ಷವಾಯಿತಮ್ಮ?" ಅನೇಕರು ಮುಜುಗರಪಡುತ್ತಾರೆ. ಕೆಲವರು ನೇರವಾಗಿಯೇ ಕೇಳುತ್ತಾರೆ: "ನಾನು ಬಂದಿರೋದು ಕಣ್ಣುರಿಗೆ. ಅದಕ್ಕೂ ಇದಕ್ಕೂ ಏನು ಸಂಬಂಧ ಡಾಕ್ಟ್ರೇ?" ನ್ಯಾಯವಾದ ಪ್ರಶ್ನೆ. ಇವತ್ತಿನ ನನ್ನ ಉಪನ್ಯಾಸವೆಲ್ಲ ಆ ಪ್ರಶ್ನೆಗೆ ಉತ್ತರ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕಣ್ಣು ದೇಹದಿಂದ ಬೇರೆಯಾದ ಅಂಗವಲ್ಲ. ಅಂಡಾಶಯ, ವೃಷಣ, ಥೈರಾಯ್ಡ್, ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ಬಿಡುವ ಹಾರ್ಮೋನುಗಳನ್ನು ಗುರುತಿಸಬಲ್ಲ ಪ್ರೋಟೀನುಗಳು ಕಣ್ಣಿನ ರೆಪ್ಪೆಯಿಂದ ರೆಟಿನಾದವರೆಗೆ ಹರಡಿಕೊಂಡಿವೆ. ಯಾವ ಪ್ರೋಟೀನು ಕಣ್ಣಿನ ಯಾವ ಭಾಗದಲ್ಲಿದೆ ಎಂದು ತಿಳಿದರೆ, ಬಿಡಿಬಿಡಿಯಾಗಿ ಕಾಣುವ ಎಷ್ಟೋ ಕಣ್ಣಿನ ರೋಗಗಳ ಮೂಲ ತಿಳಿಯುತ್ತದೆ.

ಗ್ರಾಹಿ ಎಂದರೇನು?

ರಕ್ತದಲ್ಲಿ ಹಾರ್ಮೋನುಗಳ ಪ್ರಮಾಣ ಅತ್ಯಲ್ಪ. ಒಂದು ಮಿಲಿಲೀಟರ್ ರಕ್ತದಲ್ಲಿ ಅವುಗಳನ್ನು ನ್ಯಾನೊಗ್ರಾಂ, ಪಿಕೊಗ್ರಾಂಗಳಲ್ಲಿ ಅಳೆಯುತ್ತಾರೆ. ರಕ್ತ ಎಲ್ಲ ಅಂಗಗಳಿಗೂ ಹರಿಯುವುದರಿಂದ ಹಾರ್ಮೋನು ಎಲ್ಲೆಡೆಗೂ ತಲುಪುತ್ತದೆ. ಆದರೆ ಎಲ್ಲ ಜೀವಕೋಶಗಳೂ ಅದಕ್ಕೆ ಓಗೊಡುವುದಿಲ್ಲ. ಆಕಾಶವಾಣಿಯ ಪ್ರಸಾರ ಇಡೀ ಊರಿನ ಮೇಲೆ ಹಾದುಹೋಗುತ್ತದೆ, ಆದರೆ ವಾರ್ತೆ ಕೇಳಿಸುವುದು ರೇಡಿಯೊ ಇರುವ ಮನೆಯಲ್ಲಿ ಮಾತ್ರ. ಜೀವಕೋಶದ ಆ ರೇಡಿಯೊಗೆ ನಾವು ರಿಸೆಪ್ಟರ್, ಕನ್ನಡದಲ್ಲಿ ಗ್ರಾಹಿ ಎನ್ನುತ್ತೇವೆ.

1950ರ ದಶಕದ ಕೊನೆಯಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಎಲ್ವುಡ್ ಜೆನ್ಸೆನ್ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನಿಗೆ ವಿಕಿರಣದ ಗುರುತು ಹಚ್ಚಿ ಅದನ್ನು ಇಲಿಗಳಿಗೆ ಕೊಟ್ಟು ನೋಡಿದರು. ಬೇರೆ ಅಂಗಗಳಿಗೆ ಬಂದ ಹಾರ್ಮೋನು ಹಾಗೆಯೇ ಹೊರಟುಹೋಯಿತು. ಗರ್ಭಕೋಶದಂಥ ಅಂಗಗಳು ಮಾತ್ರ ಅದನ್ನು ಹಿಡಿದಿಟ್ಟುಕೊಂಡವು. ಅಲ್ಲಿ ಹಿಡಿದಿಡುವ ಏನೋ ಇದೆ ಎಂಬ ಆ ಸುಳಿವೇ ಗ್ರಾಹಿ ವಿಜ್ಞಾನದ ಬುನಾದಿ. ಮುಂದೆ 1985ರಿಂದ 1988ರ ನಡುವೆ ಕಾರ್ಟಿಸಾಲ್, ಈಸ್ಟ್ರೊಜೆನ್ ಮತ್ತು ಗಂಡಸರ ಹಾರ್ಮೋನಾದ ಆಂಡ್ರೊಜೆನ್ ಇವುಗಳ ಗ್ರಾಹಿಗಳ ವಂಶವಾಹಿಗಳು ಒಂದರ ಹಿಂದೊಂದು ಪತ್ತೆಯಾದವು. 1996ರಲ್ಲಿ ಈಸ್ಟ್ರೊಜೆನ್‌ಗೆ ಬೀಟಾ ಎಂಬ ಎರಡನೆಯ ಗ್ರಾಹಿ ಸಿಕ್ಕಿತು. ಇಂಥ ಗ್ರಾಹಿಗಳ ಕುಟುಂಬದಲ್ಲಿ ಮನುಷ್ಯನಿಗೆ 48 ಗ್ರಾಹಿಗಳಿವೆ ಎಂದು ಈಗ ತಿಳಿದಿದೆ.

ಈಸ್ಟ್ರೊಜೆನ್, ಆಂಡ್ರೊಜೆನ್, ಕಾರ್ಟಿಸಾಲ್ ಮೂರೂ ಸ್ಟೀರಾಯ್ಡ್ ಹಾರ್ಮೋನುಗಳು. ಇವು ಕೊಬ್ಬಿನಲ್ಲಿ ಕರಗುತ್ತವೆ. ಹಾಗಾಗಿ ಕೋಶದ ಪೊರೆಯನ್ನು ಸುಲಭವಾಗಿ ದಾಟಿ ಒಳಗಿನ ಗ್ರಾಹಿಗೆ ಅಂಟಿಕೊಳ್ಳುತ್ತವೆ. ಈ ಜೋಡಿ ಕೋಶಕೇಂದ್ರದಲ್ಲಿ ಡಿಎನ್‌ಎಯ ಗೊತ್ತಾದ ಜಾಗಗಳಲ್ಲಿ ಕುಳಿತು ಕೆಲವು ವಂಶವಾಹಿಗಳನ್ನು ಚುರುಕುಗೊಳಿಸುತ್ತದೆ, ಕೆಲವನ್ನು ಸುಮ್ಮನಾಗಿಸುತ್ತದೆ. ಒಂದೇ ಹಾರ್ಮೋನು ಒಂದು ಕಡೆ ಮೊಡವೆ, ಇನ್ನೊಂದು ಕಡೆ ಗಡ್ಡ, ಮತ್ತೊಂದು ಕಡೆ ಕಣ್ಣಿಗೆ ಬೇಕಾದ ಎಣ್ಣೆ ಉಂಟುಮಾಡುವುದು ಹೀಗೆ.

ಕಣ್ಣಿನಲ್ಲಿ ಗ್ರಾಹಿಗಳ ಹುಡುಕಾಟ

ದೇಹದ ಪ್ರತಿ ಕೋಶದಲ್ಲೂ ಹೆಚ್ಚುಕಡಿಮೆ ಒಂದೇ ವಂಶವಾಹಿಗಳ ಗಂಟು ಇರುತ್ತದೆ. ಆದರೆ ಯಾವ ಕೋಶ ಯಾವ ವಂಶವಾಹಿಯನ್ನು ಬಳಸುತ್ತದೆ ಎನ್ನುವುದು ಬೇರೆ ಬೇರೆ. ಬಳಸುವಾಗ ಅದರ ಪ್ರತಿ ಒಂದು ಎಂಆರ್‌ಎನ್‌ಎ ರೂಪದಲ್ಲಿ ತಯಾರಾಗುತ್ತದೆ. ವಂಶವಾಹಿಯ ಅಭಿವ್ಯಕ್ತಿ ಎಂದರೆ ಇದೇ. ಒಂದು ಅಂಗಾಂಶದಲ್ಲಿ ಗ್ರಾಹಿಯ ಎಂಆರ್‌ಎನ್‌ಎ ಸಿಕ್ಕಿದರೆ ಅಲ್ಲಿ ಆ ವಂಶವಾಹಿ ಕೆಲಸ ಮಾಡುತ್ತಿದೆ ಎಂದರ್ಥ.

ಇದನ್ನು ಪತ್ತೆಹಚ್ಚುವ ವಿಧಾನದ ಹೆಸರು ನಿಮಗೆಲ್ಲ ಗೊತ್ತು. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರೆಲ್ಲ ವರದಿಯಲ್ಲಿ ಓದಿದ ಆರ್‌ಟಿ-ಪಿಸಿಆರ್ ಅದು. ಆಗ ಹುಡುಕಿದ್ದು ವೈರಾಣುವಿನ ಆರ್‌ಎನ್‌ಎ. ಅದೇ ವಿಧಾನದಿಂದ ಅಮೆರಿಕದ ಬಾಸ್ಟನ್ನಿನ ಶೆಪೆನ್ಸ್ ಕಣ್ಣಿನ ಸಂಶೋಧನಾ ಸಂಸ್ಥೆಯ ಡೇವಿಡ್ ಸಲಿವನ್ ಮತ್ತು ಸಂಗಡಿಗರು ಮನುಷ್ಯ, ಮೊಲ ಮತ್ತು ಇಲಿಯ ಕಣ್ಣುಗಳಲ್ಲಿ ಲೈಂಗಿಕ ಹಾರ್ಮೋನುಗಳ ಗ್ರಾಹಿಗಳನ್ನು ಹುಡುಕಿದರು. 2000ದಲ್ಲಿ ಪ್ರಕಟವಾದ ಅವರ ವರದಿ ಈ ಕ್ಷೇತ್ರದ ಮೈಲುಗಲ್ಲು. ಆಂಡ್ರೊಜೆನ್, ಈಸ್ಟ್ರೊಜೆನ್, ಪ್ರೊಜೆಸ್ಟೆರಾನ್ ಗ್ರಾಹಿಗಳ ಎಂಆರ್‌ಎನ್‌ಎ ಕಣ್ಣೀರ ಗ್ರಂಥಿ, ರೆಪ್ಪೆಯ ಎಣ್ಣೆ ಗ್ರಂಥಿ, ಕಣ್ಣಿನ ಬಿಳಿಭಾಗದ ಮೇಲಿನ ತೆಳುಪದರವಾದ ಕಂಜಂಕ್ಟೈವಾ, ಕಾರ್ನಿಯಾ, ಮಸೂರ, ರೆಟಿನಾದ ಹಿಂಬದಿಯ ವರ್ಣಕೋಶಗಳು, ಹೀಗೆ ಕಣ್ಣಿನ ಹಲವೆಡೆ ಇರುವುದು ಕಂಡುಬಂತು. ಗರ್ಭಕೋಶಕ್ಕೋ ಪ್ರಾಸ್ಟೇಟಿಗೋ ಸೇರಿದ್ದೆಂದು ಪಠ್ಯಪುಸ್ತಕಗಳು ಹೇಳುತ್ತಿದ್ದ ಗ್ರಾಹಿಗಳಿಗೆ ಕಣ್ಣಿನಲ್ಲೂ ನೆಲೆ ಇತ್ತು.

ವಿದ್ಯಾರ್ಥಿಗಳು ಇಲ್ಲೊಂದು ಎಚ್ಚರಿಕೆ ಗಮನಿಸಬೇಕು. ಪಿಸಿಆರ್ ಬಹಳ ಸೂಕ್ಷ್ಮ ಪರೀಕ್ಷೆ. ಎಂಆರ್‌ಎನ್‌ಎ ಸಿಕ್ಕಿದ ಮಾತ್ರಕ್ಕೆ ಅಲ್ಲಿ ಪ್ರೋಟೀನು ತಯಾರಾಗಿದೆ ಎನ್ನುವಂತಿಲ್ಲ. ಪ್ರೋಟೀನು ಇದ್ದರೂ ಅದಕ್ಕೆ ಆ ಜಾಗದಲ್ಲಿ ಮಹತ್ವದ ಕೆಲಸವಿದೆ ಎನ್ನುವಂತಿಲ್ಲ. ಮೊದಲು ಆರ್‌ಎನ್‌ಎ, ಆಮೇಲೆ ಪ್ರೋಟೀನು, ಆಮೇಲೆ ಆ ಗ್ರಾಹಿ ಕೆಟ್ಟಾಗ ರೋಗಿಗೆ ಏನಾಗುತ್ತದೆ ಎಂಬ ಪರೀಕ್ಷೆ. ಈ ಮೂರೂ ಸೇರಿದಾಗಲೇ ವಾದ ಗಟ್ಟಿಯಾಗುತ್ತದೆ.

ಮನುಷ್ಯರ ಕಣ್ಣಿನ ಅಂಗಾಂಶ ಸಂಶೋಧಕರಿಗೆ ಸಿಗುವುದು ಹೆಚ್ಚಾಗಿ ನೇತ್ರದಾನದಿಂದ. ಆರ್‌ಎನ್‌ಎ ಬೇಗ ಕೆಡುವ ವಸ್ತು. ಸಾವಿನ ನಂತರ ತಡವಾದಷ್ಟೂ ಅದು ಚೂರುಚೂರಾಗುತ್ತದೆ. ಆರು ಗಂಟೆಯೊಳಗೆ ಕಣ್ಣು ಪಡೆಯಬೇಕೆಂದು ನೇತ್ರ ಬ್ಯಾಂಕಿನವರು ಅವಸರ ಮಾಡುವುದು ಕಾರ್ನಿಯಾ ಕಸಿಗಾಗಿ. ಸಂಶೋಧನೆಗೂ ಆ ಅವಸರ ಅಷ್ಟೇ ಮುಖ್ಯ. ಡಾ. ರಾಜ್‌ಕುಮಾರ್ ಅವರ ನೇತ್ರದಾನದ ನಂತರ ಕನ್ನಡನಾಡಿನಲ್ಲಿ ಈ ವಿಷಯ ಮನೆಮಾತಾಯಿತು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳನ್ನು ಪದರಪದರವಾಗಿ ಬಿಡಿಸಿ ನಾಲ್ವರಿಗೆ ಕಸಿ ಮಾಡಿದ್ದು ನಿಮಗೆ ನೆನಪಿದೆ. ಕಸಿಗೆ ಬಳಸದೆ ಉಳಿಯುವ ಭಾಗಗಳೂ ಕುಟುಂಬದ ಒಪ್ಪಿಗೆಯಿಂದ ಪ್ರಯೋಗಾಲಯ ಸೇರಬಹುದು. ಹೆಸರು ಗೊತ್ತಿಲ್ಲದ ಅಂಥ ದಾನಿಗಳಿಂದಲೇ ನಾನು ಇಂದು ಹೇಳುವ ವಿಜ್ಞಾನದ ಬಹುಪಾಲು ಸಾಧ್ಯವಾಗಿದೆ.

ರೆಪ್ಪೆಯಂಚಿನ ಎಣ್ಣೆ

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯನ್ನು ಸ್ವಲ್ಪ ಕೆಳಗೆ ಜಗ್ಗಿ ನೋಡಿ. ಕೂದಲಿನ ಸಾಲಿಗೂ ಕಣ್ಣುಗುಡ್ಡೆಗೂ ನಡುವೆ ಸಣ್ಣ ಸಣ್ಣ ರಂಧ್ರಗಳ ಒಂದು ಸಾಲಿದೆ. ಅವು ಮೈಬೋಮಿಯನ್ ಗ್ರಂಥಿಗಳ ಬಾಯಿಗಳು. 1666ರಲ್ಲಿ ಅವನ್ನು ವಿವರಿಸಿದ ಜರ್ಮನ್ ವೈದ್ಯ ಹೈನ್ರಿಕ್ ಮೈಬೋಮ್ ಅವರ ಹೆಸರು ಅವಕ್ಕೆ ನಿಂತಿದೆ. ಮೇಲಿನ ರೆಪ್ಪೆಯಲ್ಲಿ ಮೂವತ್ತರ ಆಸುಪಾಸು, ಕೆಳಗಿನದರಲ್ಲಿ ಇನ್ನೂ ಸ್ವಲ್ಪ ಕಡಿಮೆ. ರೆಪ್ಪೆ ಮಿಟುಕಿಸಿದಾಗಲೆಲ್ಲ ಅವುಗಳಿಂದ ತೆಳುವಾದ ಎಣ್ಣೆ ಹೊರಬಂದು ಕಣ್ಣೀರಿನ ಮೇಲೆ ಹರಡುತ್ತದೆ. ಆ ಎಣ್ಣೆಯ ಪದರ ಕಣ್ಣೀರು ಬೇಗ ಆರಿಹೋಗದಂತೆ ತಡೆಯುತ್ತದೆ. ಎಣ್ಣೆ ಗಟ್ಟಿಯಾದರೆ ಅಥವಾ ಕಡಿಮೆಯಾದರೆ ಕಣ್ಣಲ್ಲಿ ನೀರು ಸಾಕಷ್ಟಿದ್ದರೂ ಕಣ್ಣು ಒಣಗುತ್ತದೆ. ಉರಿ, ಮರಳು ಬಿದ್ದ ಹಾಗೆ ಚುಚ್ಚುವಿಕೆ, ಓದುತ್ತಾ ಓದುತ್ತಾ ಮಂಜಾಗುವುದು ಎಲ್ಲವೂ ಆಗ ಶುರು. ಒಣಗಣ್ಣಿನ ಬಹಳಷ್ಟು ರೋಗಿಗಳಲ್ಲಿ ತೊಂದರೆ ಇರುವುದು ನೀರಿನಲ್ಲಲ್ಲ, ಈ ಎಣ್ಣೆಯಲ್ಲಿ.

ಮೈಬೋಮಿಯನ್ ಗ್ರಂಥಿಯೂ ಮುಖದ ಚರ್ಮದ ಜಿಡ್ಡಿನ ಗ್ರಂಥಿಗಳೂ ಒಂದೇ ವಂಶದವು. ಹದಿಹರೆಯದಲ್ಲಿ ಮುಖದಲ್ಲಿ ಜಿಡ್ಡು ಹೆಚ್ಚಿ ಮೊಡವೆ ಬರುವುದು ಆಂಡ್ರೊಜೆನ್ ಏರುವುದರಿಂದ. ಹುಡುಗಿಯರಲ್ಲೂ ಆಂಡ್ರೊಜೆನ್ ಇದೆ, ಪ್ರಮಾಣ ಕಡಿಮೆ ಅಷ್ಟೆ. ಅದು ಅಂಡಾಶಯದಿಂದಲೂ ಅಡ್ರಿನಲ್ ಗ್ರಂಥಿಯಿಂದಲೂ ಬರುತ್ತದೆ. ಹಾಗಿದ್ದರೆ ರೆಪ್ಪೆಯ ಎಣ್ಣೆಗೂ ಆಂಡ್ರೊಜೆನ್ನೇ ಬೇಕೇ? ಸಲಿವನ್ ತಂಡ ಹಿಡಿದ ಪ್ರಶ್ನೆ ಇದು.

ಸಾಕ್ಷ್ಯಗಳು ಒಂದೊಂದಾಗಿ ಕೂಡಿಬಂದವು. ಮನುಷ್ಯರ ಮೈಬೋಮಿಯನ್ ಗ್ರಂಥಿಯ ಕೋಶಕೇಂದ್ರಗಳಲ್ಲಿ ಆಂಡ್ರೊಜೆನ್ ಗ್ರಾಹಿಯ ಪ್ರೋಟೀನು ಸಿಕ್ಕಿತು. ಟೆಸ್ಟೋಸ್ಟೆರಾನ್ ಎಂಬ ಆಂಡ್ರೊಜೆನ್ ಅನ್ನು ಅದಕ್ಕಿಂತ ಪ್ರಬಲವಾದ ಡೈಹೈಡ್ರೊಟೆಸ್ಟೋಸ್ಟೆರಾನ್ ಆಗಿ ಬದಲಿಸುವ ಕಿಣ್ವದ ಎಂಆರ್‌ಎನ್‌ಎ ಕೂಡ ಕಣ್ಣಿನ ಅಂಗಾಂಶಗಳಲ್ಲಿ ಕಂಡುಬಂತು. ಅಂದರೆ ಕಣ್ಣು ಹಾರ್ಮೋನಿಗಾಗಿ ಕಾಯುವುದಷ್ಟೇ ಅಲ್ಲ, ತನಗೆ ಬೇಕಾದ ರೂಪಕ್ಕೆ ಅದನ್ನು ತಾನೇ ಪರಿವರ್ತಿಸಿಕೊಳ್ಳಬಲ್ಲದು. ಪ್ರಾಸ್ಟೇಟ್ ತೊಂದರೆಗೆಂದು ಆಂಡ್ರೊಜೆನ್ ತಡೆಯುವ ಚಿಕಿತ್ಸೆ ಪಡೆಯುತ್ತಿದ್ದ ಗಂಡಸರನ್ನು ಪರೀಕ್ಷಿಸಿದಾಗ ರೆಪ್ಪೆಯ ಎಣ್ಣೆ ಗ್ರಂಥಿಗಳು ಕೆಟ್ಟಿದ್ದವು.

ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯವನ್ನು ಪ್ರಕೃತಿಯೇ ಒದಗಿಸಿತು. ಆಂಡ್ರೊಜೆನ್ ಗ್ರಾಹಿಯ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿದೆ. ಹುಟ್ಟಿನಿಂದಲೇ ಅದು ಪೂರ್ಣವಾಗಿ ಕೆಟ್ಟಿರುವ ಕೆಲವರಿದ್ದಾರೆ. ಅವರ ವರ್ಣತಂತುಗಳು ಎಕ್ಸ್ ಮತ್ತು ವೈ, ರಕ್ತದಲ್ಲಿ ಟೆಸ್ಟೋಸ್ಟೆರಾನ್ ಯಥೇಚ್ಛ. ಆದರೆ ಗ್ರಾಹಿ ಕೆಲಸ ಮಾಡದ ಕಾರಣ ದೇಹ ಹೊರನೋಟಕ್ಕೆ ಹೆಣ್ಣಾಗಿಯೇ ಬೆಳೆಯುತ್ತದೆ, ಹೆಚ್ಚಿನವರು ಹೆಂಗಸರಾಗಿಯೇ ಬಾಳುತ್ತಾರೆ. ಇವರ ರೆಪ್ಪೆಯ ಎಣ್ಣೆಯನ್ನು ರಾಸಾಯನಿಕವಾಗಿ ವಿಶ್ಲೇಷಿಸಿದಾಗ ಅದರ ಘಟಕಗಳೇ ಬದಲಾಗಿದ್ದವು. ಹಾರ್ಮೋನು ಎಷ್ಟಿದೆ ಎನ್ನುವುದರಷ್ಟೇ ಅದನ್ನು ಕೇಳುವವರಿದ್ದಾರೆಯೇ ಎನ್ನುವುದೂ ಮುಖ್ಯ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಡ.

ಈಗ ಮುಟ್ಟು ನಿಂತ ತಾಯಂದಿರ ವಿಷಯ. ಈಸ್ಟ್ರೊಜೆನ್ ಇಳಿದದ್ದೇ ಒಣಗಣ್ಣಿಗೆ ಕಾರಣ, ಅದನ್ನು ಮಾತ್ರೆಯಾಗಿ ಕೊಟ್ಟರೆ ಸರಿಹೋಗುತ್ತದೆ ಎಂದು ಹಿಂದೆ ಅನೇಕರು ಭಾವಿಸಿದ್ದರು. 2001ರಲ್ಲಿ ಅಮೆರಿಕದ ಮಹಿಳಾ ಆರೋಗ್ಯ ಅಧ್ಯಯನದ ಅಂಕಿಅಂಶ ಪ್ರಕಟವಾಯಿತು. ಮುಟ್ಟು ನಿಂತ 25,665 ಹೆಂಗಸರ ಆ ಅಧ್ಯಯನದಲ್ಲಿ, ಹಾರ್ಮೋನು ತೆಗೆದುಕೊಳ್ಳದವರಿಗೆ ಹೋಲಿಸಿದರೆ ಈಸ್ಟ್ರೊಜೆನ್ ಮಾತ್ರ ತೆಗೆದುಕೊಂಡವರಲ್ಲಿ ಒಣಗಣ್ಣಿನ ಸಂಭವ ಶೇ. 69ರಷ್ಟು ಹೆಚ್ಚಿತ್ತು. ಪ್ರೊಜೆಸ್ಟೆರಾನ್ ಜೊತೆಗೆ ತೆಗೆದುಕೊಂಡವರಲ್ಲಿ ಶೇ. 29ರಷ್ಟು ಹೆಚ್ಚಿತ್ತು. ಇದು ಗಮನಿಸಿ ದಾಖಲಿಸಿದ ಅಧ್ಯಯನ. ಮಾತ್ರೆಯೇ ಕಾರಣವೆಂದು ಇದೊಂದರಿಂದಲೇ ತೀರ್ಮಾನಿಸಲಾಗದು. ಆದರೆ ಈಸ್ಟ್ರೊಜೆನ್ ಕೊಟ್ಟರೆ ಕಣ್ಣು ನೆಟ್ಟಗಾಗುತ್ತದೆ ಎಂಬ ಸರಳ ನಂಬಿಕೆಗೆ ಇದು ದೊಡ್ಡ ಪೆಟ್ಟು. ವಯಸ್ಸಿನೊಂದಿಗೆ ಹೆಣ್ಣಿನ ದೇಹದಲ್ಲಿ ಆಂಡ್ರೊಜೆನ್ ಕೂಡ ಇಳಿಯುತ್ತದೆ. ರೆಪ್ಪೆಯ ಗ್ರಂಥಿಗೆ ಕೊರತೆಯಾಗುವುದು ಅದರದ್ದು ಎಂಬ ವಾದಕ್ಕೆ ಇಂದು ಹೆಚ್ಚಿನ ಬಲವಿದೆ.

ಇದನ್ನು ಕೇಳಿ ಯಾರೂ ಗಂಡಸರ ಹಾರ್ಮೋನಿನ ಮಾತ್ರೆ ಹುಡುಕಿಕೊಂಡು ಹೋಗಬಾರದು. ಅದರ ಅಪಾಯಗಳು ಬೇರೆ ಇವೆ. ರೆಪ್ಪೆಗೆ ಬಿಸಿಬಟ್ಟೆಯ ಶಾಖ, ಮೃದುವಾಗಿ ನೀವುವುದು, ರೆಪ್ಪೆಯಂಚಿನ ಸ್ವಚ್ಛತೆ, ವೈದ್ಯರು ಹೇಳಿದ ಕೃತಕ ಕಣ್ಣೀರು ಇಷ್ಟರಿಂದಲೇ ಅನೇಕರಿಗೆ ನೆಮ್ಮದಿ ಸಿಗುತ್ತದೆ. "ವಯಸ್ಸಾಯ್ತಲ್ಲಮ್ಮ, ಇದೆಲ್ಲ ಇದ್ದದ್ದೇ" ಎಂದು ಕಳಿಸಿಬಿಡುವ ಅಭ್ಯಾಸವನ್ನು ಮಾತ್ರ ನಾವು ವೈದ್ಯರು ಬಿಡಬೇಕು. ಆ ಕಣ್ಣುರಿ ಕಲ್ಪನೆಯಲ್ಲ. ಅದಕ್ಕೆ ವಂಶವಾಹಿಯ ಮಟ್ಟದ ಕಾರಣವಿದೆ.

ಎರಡು ದಿನದ ನೆಮ್ಮದಿ, ಬದುಕಿನ ಕತ್ತಲೆ

ಇನ್ನೊಂದು ಗ್ರಾಹಿಯ ಕಥೆ ನಮ್ಮ ಊರುಗಳಿಗೆ ಇನ್ನೂ ಹತ್ತಿರದ್ದು. ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್‌ಗೆ ಓಗೊಡುವ ಗ್ಲೂಕೊಕಾರ್ಟಿಕಾಯ್ಡ್ ಗ್ರಾಹಿ ದೇಹದ ಬಹುತೇಕ ಎಲ್ಲ ಕೋಶಗಳಲ್ಲಿದೆ. ಉರಿಯೂತ ತಗ್ಗಿಸಲು ಕೊಡುವ ಸ್ಟೀರಾಯ್ಡ್ ಡ್ರಾಪ್ಸ್ ಕೆಲಸ ಮಾಡುವುದು ಇದರ ಮೂಲಕ. ಸರಿಯಾಗಿ ಬಳಸಿದರೆ ಇವು ಕಣ್ಣು ಉಳಿಸುವ ಔಷಧಿ. ಅದರಲ್ಲಿ ಎರಡು ಮಾತಿಲ್ಲ.

ಕಣ್ಣಿನೊಳಗೆ ಸದಾ ಒಂದು ದ್ರವ ಹುಟ್ಟುತ್ತದೆ. ಕಾರ್ನಿಯಾ ಮತ್ತು ಕಣ್ಣಿನ ಬಣ್ಣದ ಪರದೆಯಾದ ಐರಿಸ್ ಕೂಡುವ ಮೂಲೆಯಲ್ಲಿ ಟ್ರಾಬೆಕ್ಯುಲರ್ ಜಾಲರಿ ಇದೆ. ದ್ರವ ಅದರ ಮೂಲಕ ಹೊರಹೋಗುತ್ತದೆ. ಹುಟ್ಟುವುದೂ ಹೋಗುವುದೂ ಸರಿದೂಗಿದಾಗ ಕಣ್ಣಿನ ಒತ್ತಡ ಪಾದರಸದ 10ರಿಂದ 21 ಮಿಲಿಮೀಟರ್ ನಡುವೆ ನಿಲ್ಲುತ್ತದೆ. ಈ ಜಾಲರಿಯ ಕೋಶಗಳಲ್ಲೂ ಗ್ಲೂಕೊಕಾರ್ಟಿಕಾಯ್ಡ್ ಗ್ರಾಹಿ ಇದೆ. ವಾರಗಟ್ಟಲೆ ಸ್ಟೀರಾಯ್ಡ್ ಸುರಿದರೆ ಕೋಶಗಳು ಬೇರೆ ವಂಶವಾಹಿಗಳನ್ನು ಚುರುಕುಗೊಳಿಸುತ್ತವೆ, ಜಾಲರಿಯಲ್ಲಿ ಪ್ರೋಟೀನುಗಳು ಶೇಖರವಾಗುತ್ತವೆ, ದ್ರವದ ಹಾದಿ ಕಟ್ಟುತ್ತದೆ, ಒತ್ತಡ ಏರುತ್ತದೆ. ಏರಿದ ಒತ್ತಡ ನೇತ್ರನರವನ್ನು ಹಾಳುಮಾಡಿದರೆ ಅದೇ ಗ್ಲಾಕೋಮಾ.

ಆ ಪ್ರೋಟೀನುಗಳಲ್ಲಿ ಒಂದು ಮಯೋಸಿಲಿನ್. ಸ್ಟೀರಾಯ್ಡ್ ಹಾಕಿದ ಜಾಲರಿ ಕೋಶಗಳಲ್ಲಿ ಯಾವ ಪ್ರೋಟೀನು ಹೆಚ್ಚುತ್ತದೆ ಎಂದು ಹುಡುಕುವಾಗ ಸಿಕ್ಕಿದ್ದು ಇದು. 1997ರಲ್ಲಿ ಇದರ ವಂಶವಾಹಿಯ ದೋಷ ಎಳೆವಯಸ್ಸಿನಲ್ಲಿ ಬರುವ ಅನುವಂಶಿಕ ಗ್ಲಾಕೋಮಾಕ್ಕೆ ಕಾರಣವೆಂದು ತಿಳಿದುಬಂತು. ಔಷಧಿಯ ಅಡ್ಡಪರಿಣಾಮ ಹುಡುಕಲು ಹೊರಟವರಿಗೆ ಒಂದು ವಂಶಪಾರಂಪರ್ಯ ರೋಗದ ಮೂಲ ಸಿಕ್ಕಿತು.

ಎಲ್ಲರ ಕಣ್ಣೂ ಸ್ಟೀರಾಯ್ಡ್‌ಗೆ ಒಂದೇ ರೀತಿ ಪ್ರತಿಕ್ರಿಯಿಸುವುದಿಲ್ಲ. 1960ರ ದಶಕದಲ್ಲಿ ಅಮೆರಿಕದ ಬೆಕರ್ ಮತ್ತು ಅರ್ಮಾಲಿ ಇದನ್ನು ಅಳೆದು ತೋರಿಸಿದರು. ನಾಲ್ಕರಿಂದ ಆರು ವಾರ ಡ್ರಾಪ್ಸ್ ಹಾಕಿದರೆ ಸುಮಾರು ಮೂರರಲ್ಲಿ ಒಬ್ಬರಿಗೆ ಒತ್ತಡ ಗಮನಾರ್ಹವಾಗಿ ಏರುತ್ತದೆ. ನೂರರಲ್ಲಿ ಸುಮಾರು ಐದು ಮಂದಿಗೆ ಅಪಾಯದ ಮಟ್ಟಕ್ಕೆ ಹೋಗುತ್ತದೆ. ಈ ಗ್ರಾಹಿಯ ಒಂದೇ ವಂಶವಾಹಿಯಿಂದ ಆಲ್ಫಾ, ಬೀಟಾ ಎಂಬ ಎರಡು ರೂಪಗಳು ತಯಾರಾಗುತ್ತವೆ. ಆಲ್ಫಾ ಸ್ಟೀರಾಯ್ಡ್‌ನ ಆಜ್ಞೆ ಪಾಲಿಸುತ್ತದೆ, ಬೀಟಾ ಅದನ್ನು ತಗ್ಗಿಸುತ್ತದೆ. ಗ್ಲಾಕೋಮಾ ರೋಗಿಗಳ ಜಾಲರಿ ಕೋಶಗಳಲ್ಲಿ ಬೀಟಾ ಕಡಿಮೆ ಎಂದು ಪ್ರಯೋಗಗಳು ತೋರಿಸಿವೆ. ಯಾರ ಕಣ್ಣು ಅಪಾಯದಲ್ಲಿದೆ ಎನ್ನುವುದಕ್ಕೆ ಮುಂದೊಂದು ದಿನ ಇದರಿಂದ ಪರೀಕ್ಷೆ ಸಿಗಬಹುದು. ಸದ್ಯಕ್ಕೆ ಒತ್ತಡ ಅಳೆಯುತ್ತಾ ಹೋಗುವುದೊಂದೇ ದಾರಿ.

ಬಿಸಿಲು, ಧೂಳು, ಒಣಹವೆ ಇರುವ ಊರುಗಳಲ್ಲಿ ಮಕ್ಕಳಿಗೆ, ಅದರಲ್ಲೂ ಹುಡುಗರಿಗೆ, ವರ್ನಲ್ ಎಂಬ ಕಣ್ಣಿನ ಅಲರ್ಜಿ ಬರುತ್ತದೆ. ಬೇಸಗೆ ಬಂದರೆ ಸಾಕು, ಮಗು ಕಣ್ಣುಜ್ಜಿ ಉಜ್ಜಿ ಕೆಂಪು ಮಾಡಿಕೊಳ್ಳುತ್ತದೆ, ಬೆಳಕಿಗೆ ಕಣ್ಣು ಬಿಡುವುದಿಲ್ಲ, ಶಾಲೆ ತಪ್ಪುತ್ತದೆ. ವೈದ್ಯರು ಒಂದು ವಾರಕ್ಕೆಂದು ಸ್ಟೀರಾಯ್ಡ್ ಬರೆದುಕೊಡುತ್ತಾರೆ. ಎರಡೇ ದಿನಕ್ಕೆ ತುರಿಕೆ ಮಾಯ. ಮುಂದಿನ ಬೇಸಗೆಯಲ್ಲಿ ತಾಯಿ ಹಳೆಯ ಬಾಟಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೆಡಿಕಲ್ ಶಾಪಿಗೆ ಹೋಗಿ ಇಂಥದ್ದೇ ಕೊಡಿ ಎನ್ನುತ್ತಾಳೆ. ಅವರು ಕೊಡುತ್ತಾರೆ. ಹಾಗೆ ಎರಡು ಮೂರು ವರ್ಷ. ಅಷ್ಟರಲ್ಲಿ ಒತ್ತಡ ಏರಿ ಗ್ಲಾಕೋಮಾ ಶುರುವಾಗಿರಬಹುದು. ಇಂಥ ಗ್ಲಾಕೋಮಾದಲ್ಲಿ ನೋವಿಲ್ಲ. ಅಂಚಿನ ನೋಟ ಹೋಗುತ್ತಾ ಬರುವುದು ಮಗುವಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ನೇತ್ರನರ ಸತ್ತಿರುತ್ತದೆ, ಅದು ಮತ್ತೆ ಚಿಗುರುವುದಿಲ್ಲ. ಜೊತೆಗೆ ಸ್ಟೀರಾಯ್ಡ್‌ನಿಂದ ಎಳೆವಯಸ್ಸಿನಲ್ಲೇ ಕಣ್ಣಿನ ಪೊರೆಯೂ ಬರಬಹುದು. ಈ ಅಲರ್ಜಿ ಹೆಚ್ಚಿನ ಮಕ್ಕಳಲ್ಲಿ ಹರೆಯ ಬಂದ ಮೇಲೆ ತಾನಾಗಿ ಇಳಿಯುತ್ತದೆ ಎನ್ನುವುದನ್ನು ನೆನೆದರೆ ಸಂಕಟ ಇಮ್ಮಡಿಯಾಗುತ್ತದೆ. ಇಂಥ ಮಕ್ಕಳ ಕಂಜಂಕ್ಟೈವಾದಲ್ಲಿ ಈಸ್ಟ್ರೊಜೆನ್, ಪ್ರೊಜೆಸ್ಟೆರಾನ್ ಗ್ರಾಹಿಗಳು ಇರುವುದು 1995ರಲ್ಲೇ ವರದಿಯಾಗಿದೆ. ಹರೆಯಕ್ಕೂ ಈ ರೋಗಕ್ಕೂ ಇರುವ ನಂಟಿನ ಸುಳಿವು ಅದರಲ್ಲಿರಬಹುದು.

ಥೈರಾಯ್ಡ್ ಮತ್ತು ಬಣ್ಣ

ಥೈರಾಯ್ಡ್ ಹೆಚ್ಚಾದ ಕೆಲವರಿಗೆ ಕಣ್ಣುಗುಡ್ಡೆ ಮುಂದಕ್ಕೆ ಬರುವುದನ್ನು ನೀವು ನೋಡಿರುತ್ತೀರಿ. ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್ 1835ರಲ್ಲಿ ವಿವರಿಸಿದ ರೋಗ ಅದು. ಕುತ್ತಿಗೆಯ ಗ್ರಂಥಿಯ ರೋಗ ಕಣ್ಣಿಗೇಕೆ ಬರಬೇಕು? ಥೈರಾಯ್ಡನ್ನು ಚೋದಿಸುವ ಟಿಎಸ್‌ಎಚ್ ಹಾರ್ಮೋನಿನ ಗ್ರಾಹಿ ಕಣ್ಣಿನ ಗೂಡಿನ ಫೈಬ್ರೊಬ್ಲಾಸ್ಟ್ ಕೋಶಗಳಲ್ಲೂ ಇದೆ. ದೇಹದ ರಕ್ಷಣಾ ವ್ಯವಸ್ಥೆ ದಾರಿತಪ್ಪಿ ಆ ಗ್ರಾಹಿಯ ವಿರುದ್ಧ ಪ್ರತಿಕಾಯ ಮಾಡಿದಾಗ ಅದು ಗ್ರಂಥಿಯನ್ನೂ ಕಣ್ಣಿನ ಗೂಡನ್ನೂ ಒಟ್ಟಿಗೆ ಕೆರಳಿಸುತ್ತದೆ. ಕಣ್ಣಿನ ಹಿಂದೆ ಕೊಬ್ಬು ಬೆಳೆಯುತ್ತದೆ, ಸ್ನಾಯು ಊದಿಕೊಳ್ಳುತ್ತದೆ. ಈ ಗ್ರಾಹಿಯ ಜೊತೆಗೂಡಿ ಕೆಲಸ ಮಾಡುವ ಐಜಿಎಫ್-1 ಗ್ರಾಹಿಯನ್ನು ತಡೆಯುವ ಟೆಪ್ರೊಟುಮುಮ್ಯಾಬ್ ಔಷಧಿಗೆ 2020ರ ಜನವರಿಯಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಬೀಡಿ ಸಿಗರೇಟು ಸೇದುವವರಲ್ಲಿ ಈ ರೋಗ ಉಲ್ಬಣಿಸುತ್ತದೆ. ಬಿಡುವುದಕ್ಕೆ ಇದೂ ಒಂದು ಕಾರಣವಾಗಲಿ.

ಬಣ್ಣ ಕಾಣುವುದಕ್ಕೂ ಹಾರ್ಮೋನು ಬೇಕು. ಭ್ರೂಣದ ರೆಟಿನಾದಲ್ಲಿ ಮೊದಲು ಹುಟ್ಟುವುದು ನೀಲಿ ಬಣ್ಣಕ್ಕೆ ಸ್ಪಂದಿಸುವ ಶಂಕುಕೋಶಗಳು, ಆಮೇಲೆ ಕೆಂಪು ಮತ್ತು ಹಸಿರಿನವು. 2018ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ ಮನುಷ್ಯರ ಕಾಂಡಕೋಶಗಳಿಂದ ತಟ್ಟೆಯಲ್ಲಿ ಪುಟ್ಟ ರೆಟಿನಾಗಳನ್ನು ಬೆಳೆಸಿ ಇದನ್ನು ಪರೀಕ್ಷಿಸಿತು. ಥೈರಾಯ್ಡ್ ಹಾರ್ಮೋನು ಬೇಗ ಕೊಟ್ಟರೆ ಬಹುತೇಕ ಎಲ್ಲವೂ ಕೆಂಪು-ಹಸಿರು ಕೋಶಗಳಾದವು. ಅದರ ಗ್ರಾಹಿಯ ವಂಶವಾಹಿಯನ್ನು ತೆಗೆದುಹಾಕಿದಾಗ ಎಲ್ಲವೂ ನೀಲಿಯವೇ ಆದವು. ಬಸಿರಿಯ ಥೈರಾಯ್ಡ್ ಪರೀಕ್ಷೆ ಎಷ್ಟು ಮುಖ್ಯ ಎನ್ನುವುದಕ್ಕೆ ಮಗುವಿನ ಬುದ್ಧಿ ಬೆಳವಣಿಗೆಯ ಕಾರಣ ಮೊದಲೇ ಇತ್ತು. ಕಣ್ಣಿನ ಬೆಳವಣಿಗೆಯಲ್ಲೂ ಈ ಹಾರ್ಮೋನಿಗೆ ಪಾತ್ರವಿದೆ ಎಂದು ಈಗ ತಿಳಿದಿದೆ.

ನಾವು ಮಾಡಬೇಕಾದದ್ದು

ಈ ವಿಜ್ಞಾನದಿಂದ ಹೊರಡುವ ಕರ್ತವ್ಯಗಳು ಸರಳ. ಕಣ್ಣಿನ ವೈದ್ಯರಾಗಲಿರುವ ವಿದ್ಯಾರ್ಥಿಗಳಿಗೆ ನನ್ನ ಮಾತು ಇದು: ದೀಪ ಹಿಡಿದು ಕಣ್ಣಿನೊಳಗೆ ನೋಡುವ ಮೊದಲು ರೋಗಿಯ ಥೈರಾಯ್ಡ್, ಮುಟ್ಟು, ಬಸಿರು, ನುಂಗುತ್ತಿರುವ ಮಾತ್ರೆಗಳ ವಿಷಯ ಕೇಳಿ. ನಮ್ಮ ಪ್ರಯೋಗಾಲಯಗಳಲ್ಲಿ ಈಗ ಒಂದೊಂದೇ ಕೋಶದ ಎಲ್ಲ ಎಂಆರ್‌ಎನ್‌ಎಗಳನ್ನು ಓದುವ ತಂತ್ರವಿದೆ. ನಮ್ಮ ಜನರ ಕಣ್ಣಿನ ಗ್ರಾಹಿಗಳ ನಕ್ಷೆಯನ್ನು ನಾವೇ ಬರೆಯಬೇಕು. ಅದಕ್ಕೆ ನೇತ್ರದಾನ ಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರೂ, ಕನ್ನಡಕ ಹಾಕುವವರೂ, ಪೊರೆಯ ಆಪರೇಷನ್ ಆದವರೂ ಕಣ್ಣು ಕೊಡಬಹುದು.

ನಿಮ್ಮೆಲ್ಲರಲ್ಲಿ ಒಂದು ಕೋರಿಕೆ. ಮನೆಗೆ ಹೋದಮೇಲೆ ಔಷಧಿ ಡಬ್ಬಿ ತೆಗೆದು ಕಣ್ಣಿನ ಡ್ರಾಪ್ಸ್ ಬಾಟಲಿಯ ಮೇಲಿನ ಹೆಸರು ಓದಿ. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೋಲೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಆಂಟಿಬಯೋಟಿಕ್ ಜೊತೆ ಬೆರೆಸಿದ್ದರೂ ಅದು ಸ್ಟೀರಾಯ್ಡೇ. ಕಾನೂನಿನ ಪ್ರಕಾರ ವೈದ್ಯರ ಚೀಟಿ ಇಲ್ಲದೆ ಅದನ್ನು ಮಾರುವಂತಿಲ್ಲ, ನೀವೂ ಕೊಳ್ಳಬೇಡಿ. ಮಗುವಿಗೆ ಅದನ್ನು ಹಾಕುತ್ತಿದ್ದರೆ ಕಣ್ಣಿನ ವೈದ್ಯರ ಬಳಿ ಕರೆದೊಯ್ದು ಕಣ್ಣಿನ ಒತ್ತಡ ಅಳೆಸಿ. ಆ ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ಕಳೆದುಹೋದ ನೋಟವನ್ನು ಮರಳಿ ತರುವ ಔಷಧಿ ಮಾತ್ರ ಇಂದಿಗೂ ಯಾರ ಬಳಿಯೂ ಇಲ್ಲ.